ಜೀರ್ದೆಯ ಟ್ರಿಪ್ ಶೀಟು

ಜುಲೈ 29

ಟ್ರಿಪ್: ಇಲ್ಲ. ಎಂಜಿನ್: ಸರಿ. ದೋಷ: ಬೆಕ್ತೂರ್ ಅಣ್ಣ.

ಹಳೆಯ ಪುಸ್ತಕ ಮುಗಿಯಿತು, ಇವತ್ತಿನಿಂದ ಹೊಸದು. ಅತ್‌ಬಾಶಿ–ನರೀನ್ ರಸ್ತೆಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿ ಪ್ರತಿ ಸಂಜೆ ಟ್ರಿಪ್ ಶೀಟು ಬರೆದ ಕೈ ಇದು. ಡಿಪೋ ಮುಚ್ಚಿ ಎಂಟು ವರ್ಷವಾದರೂ ಸಂಜೆಯಾದರೆ ಪೆನ್ನು ಹುಡುಕುತ್ತದೆ. ಡಿಪೋ ಮುಚ್ಚಿದ ದಿನ ನನ್ನ ಬಸ್ಸನ್ನು ಮನೆಗೆ ಹೊಡೆದುಕೊಂಡು ಬಂದೆ. ನನ್ನ ಹೆಂಡತಿ ಬುರ್ಮಾ ಅದನ್ನು ಸವತಿ ಎಂದೇ ಕರೆಯುತ್ತಾಳೆ. ಕರೆಯಲಿ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅದು ನಡುದಾರಿಯಲ್ಲಿ ಕೆಟ್ಟು ನಿಂತಿಲ್ಲ. ಈ ಕಣಿವೆಯಲ್ಲಿ ಇಷ್ಟು ಹೇಳಿಕೊಳ್ಳಬಲ್ಲ ಗಂಡಸು ಇನ್ನೊಬ್ಬನಿಲ್ಲ.

ಮಧ್ಯಾಹ್ನ ದೊಡ್ಡಪ್ಪನ ಮಗ ಬೆಕ್ತೂರ್ ಅಣ್ಣ ಬಂದ. ನಮ್ಮ ಕೋಕ್‌ಜಾಲ್ ಕುಲಕ್ಕೆ ಅವನೇ ಯಜಮಾನ. ಕುಲದಲ್ಲಿ ಅವನಷ್ಟು ದೊಡ್ಡ ಗಂಟಲು ಬೇರೆ ಯಾರಿಗೂ ಇಲ್ಲದಿರುವುದೇ ಕಾರಣ. ಹಿಂದೆ ಹಗ್ಗದಲ್ಲಿ ಒಂದು ಕೆಂಪು ಹೆಣ್ಣು ಕುದುರೆ. ಕೆಂಪಗಿದೆಯೆಂದು ಹೆಸರೂ ಜೀರ್ದೆ. ನಮ್ಮವರು ಹೆಸರಿಡಲು ತಲೆ ಕೆಡಿಸಿಕೊಳ್ಳುವುದಿಲ್ಲ.

"ಶಾರ್ಶೆನ್, ತಗೋ ಹಗ್ಗ. ಇನ್ಮೇಲೆ ಇದು ನಿನ್ನ ಜವಾಬ್ದಾರಿ."

"ಯಾಕಣ್ಣ, ಕ್ಲಚ್ಚು ಕಟ್ಟಾಗಿದೆಯಾ?"

"ತಮಾಷೆ ಬಿಡು. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಎಂಬತ್ತು ಕಿಲೋಮೀಟರ್ ಪಂದ್ಯ ಇದೆ. ನೀನು ಇದನ್ನ ತಯಾರು ಮಾಡ್ಬೇಕು. ನಿಮ್ಮಪ್ಪ ಈ ಸೀಮೆಗೇ ದೊಡ್ಡ ಪಳಗಿಸೋನು. ಅವನ ರಕ್ತ ನಿನ್ನಲ್ಲಿಲ್ವಾ?"

"ನನ್ನಲ್ಲಿರೋದು ಡೀಸೆಲ್ಲು."

"ಹಂಗಾದ್ರೆ ಚಾಬ್ದಾರ್ ಕುದುರೆ ಮೇಲೆ ಕೂತು ಗೆದ್ದು ಬಂದೋನು ಯಾರಪ್ಪ?"

ನಾನು ಹಗ್ಗ ತೆಗೆದುಕೊಂಡೆ.

ಜೀರ್ದೆ ಬಂಜೆ. ಮೂರು ವರ್ಷದಿಂದ ಮರಿ ಹಾಕಿಲ್ಲ. ಬಂಜೆ ಕುದುರೆಯ ಮಾಂಸಕ್ಕೆ ಕೊಬ್ಬು ಚೆನ್ನಾಗಿ ಕೂಡುತ್ತದೆಂದು, ಅಕ್ಟೋಬರಿನಲ್ಲಿ, ತೀರಿಕೊಂಡ ದೊಡ್ಡಪ್ಪನ ವರ್ಷದ ಊಟಕ್ಕೆ ಇದನ್ನೇ ಕೊಯ್ಯಬೇಕೆಂದು ಯಾವತ್ತೋ ನಿಶ್ಚಯವಾಗಿತ್ತು. ಅಷ್ಟರಲ್ಲಿ ಒಂದು ಘಟನೆ. ಮೇ ತಿಂಗಳಲ್ಲಿ ಬೀಗರೊಬ್ಬರು ಕೆಲವು ದಿನಕ್ಕೆಂದು ಇದನ್ನು ಕಣಿವೆಯಾಚೆ ಒಯ್ದರೆ, ಹಗ್ಗ ಕಡಿದು, ಎರಡು ಬೆಟ್ಟ ಒಂದು ಹೊಳೆ ದಾಟಿ, ಮೂರನೆಯ ದಿನ ಬೆಕ್ತೂರ್ ಅಣ್ಣನ ಗೇಟಿನ ಮುಂದೆ ನಿಂತಿತ್ತಂತೆ. ನೂರಿಪ್ಪತ್ತು ಕಿಲೋಮೀಟರ್. ತನ್ನನ್ನು ಕೊಯ್ಯಲಿರುವ ಮನೆಗೆ ಇಷ್ಟು ಕಷ್ಟಪಟ್ಟು ವಾಪಸು ಬಂದ ಪ್ರಾಣಿಯ ಬುದ್ಧಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

"ಗೆದ್ರೆ ನಮ್ಮ ಕಂಬದಲ್ಲಿ ಸಾಯೋವರೆಗೂ ನಿಂತಿರುತ್ತೆ. ಇಲ್ದಿದ್ರೆ ಕಡಾಯಿ," ಎಂದ ಅಣ್ಣ.

ಕುದುರೆ ನನ್ನ ಬಸ್ಸಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅದನ್ನು ನೆಕ್ಕಿತು.

ಆಗಸ್ಟ್ 2

ಸವಾರಿಗೆ ಬೆಕ್ತೂರ್ ಅಣ್ಣನ ಕಿರಿ ಸೊಸೆ ಜಿಪಾರ್. ಅವನ ಇಬ್ಬರು ಗಂಡುಮಕ್ಕಳು ಕೂತರೆ ಕುದುರೆಯ ನಡು ಮುರಿಯುತ್ತದೆ. ಆದ್ದರಿಂದ ಹೆಂಗಸರಿಗೆ ಅವಕಾಶ ಕೊಡುವ ಉದಾರ ಬುದ್ಧಿ ಅವನಿಗೆ ಇದ್ದಕ್ಕಿದ್ದಂತೆ ಬಂದಿದೆ. ಹುಡುಗಿ ಕುರಿಗಾಹಿಗಳ ಮಗಳು. ಜೀನಿನ ಮೇಲೆ ಕೂತರೆ, ಅಲ್ಲೇ ಹುಟ್ಟಿದಳೋ ಅನ್ನಿಸುತ್ತದೆ.

ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳುವಂತಿಲ್ಲವಲ್ಲ, ನಮಗೆಲ್ಲ ತಾನೇ ಹೆಸರಿಟ್ಟಿದ್ದಾಳೆ. ನಾನು 'ಚಕ್ರದ ಮಾವ'. ಬೆಕ್ತೂರ್ ಅಣ್ಣ 'ಗುಡುಗಿನ ಮಾವ'. ಅದನ್ನು ಹೊಗಳಿಕೆಯೆಂದು ತಿಳಿದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

"ಚಕ್ರದ ಮಾವ, ಮೊದಲನೇ ದಿನ ಎಷ್ಟು ದೂರ ಹೋಗ್ಲಿ?"

ನನಗೇನು ಗೊತ್ತು? "ಹೊಸ ಎಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಒತ್ತಬಾರದು. ಮೆತ್ತಗೆ ಹೋಗಿ ಬಾ," ಎಂದೆ.

ಅವಳು ಬಹಳ ಗೌರವದಿಂದ ತಲೆಯಾಡಿಸಿದಳು. ಇದು ಅಪ್ಪನ ಗುಟ್ಟಿನ ವಿದ್ಯೆಯೆಂದು ತಿಳಿದಿರಬೇಕು.

ಆಗಸ್ಟ್ 7

ಕುಲದ ಹಿರಿಯರು ಆರು ಮಂದಿ ತಪಾಸಣೆಗೆ ಬಂದರು. ಆರು ಬಿಳಿ ಟೋಪಿ, ಎಂಟೋ ಒಂಬತ್ತೋ ಹಲ್ಲು. ಜೀರ್ದೆ ಓಡಿ ಬಂದು ನಿಂತಿತ್ತು, ಮೈಯೆಲ್ಲ ಬೆವರು.

"ಶಾರ್ಶೆನ್, ಬೆವರು ನೋಡು," ಎಂದ ಅಣ್ಣ.

ನೋಡಿದೆ.

"ಕಣ್ಣಲ್ಲಿ ಅಲ್ಲಪ್ಪ, ನಾಲಗೇಲಿ."

ಪಳಗಿಸುವವನು ಬೆವರಿನ ರುಚಿ ನೋಡಿ ಕುದುರೆಯ ಹದ ಹೇಳುತ್ತಾನೆ. ಅಪ್ಪ ಹಾಗೇ ಮಾಡುತ್ತಿದ್ದ. ಕೊಬ್ಬಿನ ಬೆವರು ಮಂದ, ಉಪ್ಪು, ಕಮಟು. ಅದು ಹೋಗಿ ಹೋಗಿ ಕೊನೆಗೆ ತೊರೆಯ ನೀರಿನಂತೆ ತೆಳ್ಳಗೆ ಬರಬೇಕು. ಆರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಕುತ್ತಿಗೆಯ ಮೇಲೆ ಬೆರಳೆಳೆದು ನಾಲಗೆಗಿಟ್ಟೆ, ಕಣ್ಣು ಮುಚ್ಚಿದೆ, ಗೇರ್‌ಬಾಕ್ಸಿನ ಸದ್ದು ಕೇಳುವಾಗಿನ ಮುಖ ಮಾಡಿದೆ.

"ಇನ್ನೂ ಮೂವತ್ತು ದಿನ," ಎಂದೆ.

ಆರು ಟೋಪಿಗಳು ಒಟ್ಟಿಗೆ ತೂಗಿದವು. "ಅಪ್ಪನ ಥರಾನೇ," ಎಂದನೊಬ್ಬ ಮುದುಕ, ಕಣ್ಣೊರೆಸಿಕೊಂಡು. ನಾನು ಬಸ್ಸಿನ ಹಿಂದೆ ಹೋಗಿ ಮೂರು ಸಲ ಉಗಿದೆ.

ಆಗಸ್ಟ್ 12

ಪಂದ್ಯದವರು ಊರೂರಿಗೆ ಒಬ್ಬ ಪಶುವೈದ್ಯರನ್ನು ಕಳಿಸುತ್ತಿದ್ದಾರೆ. ನಮ್ಮಲ್ಲಿಗೆ ಬಂದವಳು ಡಾಕ್ಟರ್ ಸಾಯ್ರಾ. ನಲವತ್ತರ ಹೆಂಗಸು. ಗಿಡ್ಡ ಕೂದಲು, ಉದ್ದ ಸ್ಟೆತಸ್ಕೋಪು. ನಿಯಮ ಹೇಳಿದಳು. ನಲವತ್ತು ಕಿಲೋಮೀಟರಿನ ಎರಡು ಸುತ್ತು. ಪ್ರತಿ ಸುತ್ತಿನ ಕೊನೆಗೆ ಕುದುರೆಯ ಎದೆಬಡಿತ ಇಪ್ಪತ್ತು ನಿಮಿಷದೊಳಗೆ ಅರವತ್ತನಾಲ್ಕಕ್ಕೆ ಇಳಿಯಬೇಕು. ಇಳಿಯದಿದ್ದರೆ ಹೊರಗೆ. ಕುಂಟಿದರೆ ಹೊರಗೆ. ದಾರಿಯಲ್ಲಿ ಹೊರಗಿನವರು ಕುದುರೆಯನ್ನು ಮುಟ್ಟಿದರೆ ಹೊರಗೆ.

"ಅಂದ್ರೆ ಮೊದಲು ಬಂದೋನು ಗೆಲ್ಲಲ್ವಾ?" ಎಂದ ಬೆಕ್ತೂರ್ ಅಣ್ಣ.

"ಗೆಲ್ತಾನೆ. ಕುದುರೆ ಚೆನ್ನಾಗಿದ್ರೆ."

"ಚೆನ್ನಾಗಿಲ್ದೆ ಮೊದಲು ಹೆಂಗೆ ಬರುತ್ತೆ ತಾಯಿ?"

"ನೀವೇ ಹೇಳ್ಬೇಕು ಅಣ್ಣ. ನಿಮ್ಮ ಕಡೆ ಹೆಂಗೆ ತರ್ತೀರೋ."

ಈ ಹೆಂಗಸು ನನಗೆ ಸ್ವಲ್ಪ ಹಿಡಿಸಿದಳು. ಕುದುರೆಯ ಮುಂಗಾಲಿನ ಸಂದಿಯ ಹಿಂದೆ, ಎಡಪಕ್ಕದಲ್ಲಿ ಸ್ಟೆತಸ್ಕೋಪು ಒತ್ತಿ ನನ್ನ ಕಿವಿಗೆ ಕೊಟ್ಟಳು. ಎಂಜಿನ್ ತಟತಟ ಅಂದಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಹಚ್ಚಿ ಹಿಡಿಕೆಗೆ ಕಿವಿ ಕೊಟ್ಟು ಕೇಳುವವನು ನಾನು. ಅದೇ ಕೆಲಸ. ಆದರೆ ಇದು ಬೇರೆ. ದೊಡ್ಡ, ನಿಧಾನ, ಎರಡೆರಡು ಬಡಿತ. ಖಾಲಿ ಗೋಡೌನಿನಲ್ಲಿ ಯಾರೋ ಬೂಟು ಹಾಕಿಕೊಂಡು ಆತುರವಿಲ್ಲದೆ ನಡೆದಾಡಿದ ಹಾಗೆ.

ಮೂವತ್ತಾರು. ಐಡ್ಲಿಂಗ್ ಚೆನ್ನಾಗಿದೆ.

ಆಗಸ್ಟ್ 13

ಬೆಳಿಗ್ಗೆ 36. ಇಪ್ಪತ್ತು ಕಿ.ಮೀ. ನಂತರ 72, ಹದಿನಾರು ನಿಮಿಷಕ್ಕೆ 64.

ಸ್ಟೆತಸ್ಕೋಪು ಇಲ್ಲ. ಕಿವಿಯನ್ನೇ ಹಚ್ಚಿ ಎಣಿಸಿದೆ. ಬುರ್ಮಾ ಕಿಟಕಿಯಿಂದ ನೋಡಿ, "ನನ್ನೆದೆ ಮೇಲೆ ಕಿವಿ ಇಟ್ಟು ಎಷ್ಟು ವರ್ಷ ಆಯ್ತು?" ಎಂದಳು. ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಬೇಕಾಯಿತು.

ಆಗಸ್ಟ್ 21

ಅಣ್ಣನ ಮನೆಯಲ್ಲಿ ಕುದುರೆ ಹಾಲು ಹುದುಗಿಸಿದ ಕುಮಿಸ್ ಕುಡಿಯಲು ಕರೆ. ಕುಮಿಸ್ ಹೊಟ್ಟೆಗಿಳಿದರೆ ಚಾಬ್ದಾರ್ ಬಾಯಿಗೆ ಬರುತ್ತಾನೆ.

ಹಿಂದೆಲ್ಲ ದೊಡ್ಡವರ ವರ್ಷದ ಊಟಕ್ಕೆ ಕುದುರೆಗಳನ್ನು ಒಂದು ದಿನದ ದಾರಿ ಆಚೆಗೆ ನಡೆಸಿಕೊಂಡು ಹೋಗಿ, ಅಲ್ಲಿಂದ ಊಟದ ಕಡಾಯಿಗಳ ತನಕ ಓಡಿಸುತ್ತಿದ್ದರು. ಆ ಪರಂಪರೆಯ ಕೊನೆಯ ದೊಡ್ಡ ಕುದುರೆ ನಮ್ಮ ಕುಲದ ಚಾಬ್ದಾರ್. ಕೋಲ್ಖೋಸ್ ಎಂಬ ಸಾಮೂಹಿಕ ಬೇಸಾಯದ ಕಾಲದ ಪಂದ್ಯದಲ್ಲಿ ಮೊದಲ ಸ್ಥಾನ. ಇದೆಲ್ಲ ನಿಜ. ನಾನು ಚಿಕ್ಕವನಿದ್ದಾಗ ಆ ಓಟ ಅರವತ್ತು ಕಿಲೋಮೀಟರ್ ಇತ್ತು. ನನ್ನ ಮದುವೆಯ ಹೊತ್ತಿಗೆ ಎಂಬತ್ತಾಯಿತು. ಇವತ್ತು ಅಣ್ಣ ನೂರಕ್ಕೆ ತಂದು ನಿಲ್ಲಿಸಿದ. ಸತ್ತ ಮೇಲೂ ಇಷ್ಟು ಓಡುವ ಕುದುರೆ ಪ್ರಪಂಚದಲ್ಲಿ ಇನ್ನೊಂದಿರಲಾರದು.

"ನಲವತ್ತೇಳು," ಎಂದೆ, ಎಂದಿನಂತೆ. "ಬಸ್ಸಿನ ಮೀಟರಿನಲ್ಲಿ ಅಳೆದಿದೀನಿ."

"ಬಂದ ನೋಡಪ್ಪ ಮೀಟರು!" ಎಂದ ಅಣ್ಣ. "ಅದರ ಮೇಲೆ ಕೂತಿದ್ದೋನೇ ಕಮ್ಮಿ ಹೇಳ್ತಾನೆ. ಕುಲಕ್ಕೆ ಇವನಂಥೋನು ಒಬ್ಬ ಸಾಕು."

ಎಲ್ಲರೂ ನಕ್ಕರು. ಆಮೇಲೆ ಯಾರೋ ಕೇಳಿದರು, "ಗೆದ್ದ ಮೇಲೆ ಚಾಬ್ದಾರ್ ಏನಾಯ್ತು?"

"ಬಾಳಿ ಬದುಕಿ, ವಯಸ್ಸಾಗಿ ಹೋಯ್ತು," ಎಂದ ಅಣ್ಣ.

ನಾನು ಬೇಗ ಎದ್ದು ಬಂದೆ. ಕುಮಿಸ್ ಹುಳಿಯಾಗಿತ್ತು.

ಆಗಸ್ಟ್ 27

ದೋಷ: ಎಡ ಮುಂಗಾಲು. ಗೊರಸಿನಲ್ಲಿ ಕಲ್ಲು. ತೆಗೆದೆ. ಬಿಸಿನೀರು, ಉಪ್ಪು. ಕುದುರೆ ನಿಂತೇ ಇತ್ತು, ನಾನೂ ಸ್ವಲ್ಪ ಹೊತ್ತು ನಿಂತಿದ್ದೆ. ಬಸ್ಸಿನ ಎಣ್ಣೆ ಬದಲಿಸುವುದಿತ್ತು. ನಾಳೆ ನೋಡೋಣ.

ಸೆಪ್ಟೆಂಬರ್ 5

ನಲವತ್ತು ಕಿ.ಮೀ. ಪೂರ್ತಿ. ಬಂದಾಗ 68, ಎಂಟು ನಿಮಿಷಕ್ಕೆ 58.

ಅಣ್ಣ ಬಂದು, ಓಡಿ ಬಂದ ಕುದುರೆಯ ತಲೆಯನ್ನು ಮೇಲೆತ್ತಿ ಕಟ್ಟಬೇಕು, ಬೆಳಗಿನವರೆಗೂ ಹುಲ್ಲು ನೀರು ತೋರಿಸಬಾರದು, ಹಿರಿಯರ ಪದ್ಧತಿ ಎಂದ. ಡಾಕ್ಟರು ಕುಡಿಸಿ, ತಿನ್ನಿಸಿ ಎಂದಿದ್ದಾಳೆ. ನಾನು ಎರಡೂ ಮಾಡಿದೆ. ಅಣ್ಣ ಗೇಟು ದಾಟುವವರೆಗೆ ಹಿರಿಯರ ಪದ್ಧತಿ, ದಾಟಿದ ಮೇಲೆ ಡಾಕ್ಟರದು.

ಎಣ್ಣೆ ಬದಲಿಸಿಲ್ಲ.

ಸೆಪ್ಟೆಂಬರ್ 9

ಜಿಪಾರ್ ಇಳಿದು ಜೀನು ಬಿಚ್ಚುತ್ತಿದ್ದಳು. ಕುದುರೆ ತಲೆ ಕೊಡವಿದಾಗ ಬೆವರು ಬಾಯಿಗೆ ಸಿಡಿಯಿತು. ನಾನಾಗಿ ರುಚಿ ನೋಡಿದ್ದಲ್ಲ.

ನೀರಿನ ಹಾಗಿದೆ. ಉಪ್ಪಿಲ್ಲ, ಕಮಟಿಲ್ಲ. ಆವತ್ತು ಹಿರಿಯರ ಮುಂದೆ ಬಾಯಿಗೆ ಬಂದಂತೆ 'ಮೂವತ್ತು ದಿನ' ಎಂದಿದ್ದೆ. ಇವತ್ತಿಗೆ ಮೂವತ್ತಮೂರು.

"ಮಾವ, ಯಾಕೆ ಇನ್ನೊಂದು ಸಲ ನೆಕ್ತಿದೀರಾ?" ಎಂದಳು ಜಿಪಾರ್.

"ಧೂಳು," ಎಂದೆ.

ಸೆಪ್ಟೆಂಬರ್ 15

ಮಳೆ. ಜೀರ್ದೆಗೆ ವಿಶ್ರಾಂತಿ. ಸುಮ್ಮನೆ ಕೂತರೆ ಕೈ ತುರಿಸುತ್ತದೆ. ಚಾಬ್ದಾರನ ಟ್ರಿಪ್ ಶೀಟು ಯಾರೂ ಬರೆದಿಲ್ಲವಲ್ಲ, ಬರೆದು ಮುಗಿಸಿಬಿಡೋಣ.

ಟ್ರಿಪ್: ಹಳೆ ಕುರಿದೊಡ್ಡಿಯಿಂದ ಕೋಲ್ಖೋಸ್ ಕಚೇರಿಯವರೆಗೆ, 47 ಕಿ.ಮೀ. ಚಾಲಕ: ವಯಸ್ಸು ಒಂಬತ್ತು, ತೂಕ ಒಂದು ಕುರಿಯಷ್ಟು.

ನಲವತ್ತೊಂದನೇ ಕಿಲೋಮೀಟರಿನ ದಿಬ್ಬದಲ್ಲಿ ಚಾಬ್ದಾರ್ ಮೂರನೆಯವನಾಗಿದ್ದ. ಉಸಿರು ಹೊರಗೆ ಬರುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ದಿಬ್ಬದ ಹಿಂದೆ ನಮ್ಮ ಕುಲದವರು ಹೊಸ ಕುದುರೆಗಳ ಮೇಲೆ ಕಾಯುತ್ತಿದ್ದರು. ದಣಿದ ಕುದುರೆಗೆ ಕುಲದವರು ಹೆಗಲು ಕೊಡುವುದು ನಮ್ಮ ಪದ್ಧತಿ. ಹೆಗಲು ಎಂದರೆ ಹಗ್ಗ. ಕುತ್ತಿಗೆಗೆ ಒಂದು, ಜೀನಿನ ಎರಡು ಪಕ್ಕಕ್ಕೆ ಎರಡು, ಹಿಂದಿನಿಂದ ಚಾಟಿ. "ಕೋಕ್‌ಜಾಲ್! ಕೋಕ್‌ಜಾಲ್!" ಎಂದು ಎಲ್ಲರೂ ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ, ಬೇಡ ಎಂದು. ಆ ಗದ್ದಲದಲ್ಲಿ ಅದೂ ಕುಲದ ಕೂಗಿನ ಹಾಗೇ ಕೇಳಿಸಿರಬೇಕು.

ಗೆರೆ ದಾಟಿದಾಗ ಕುದುರೆ ಓಡುತ್ತಿತ್ತೋ ಹಗ್ಗ ಓಡುತ್ತಿತ್ತೋ ಹೇಳಲಾರೆ. ಆಮೇಲೆ ಹತ್ತು ಹೆಜ್ಜೆ. ಬಿತ್ತು. ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಎತ್ತರದಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಅಪ್ಪ ಅದರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಯ ಬೆವರನ್ನು ಬೆರಳಲ್ಲಿ ತೆಗೆದು ನಾಲಗೆಗಿಟ್ಟುಕೊಂಡ. ಏನು ರುಚಿ ಇತ್ತೋ. ಮತ್ತೆಂದೂ ಕುದುರೆ ತಯಾರು ಮಾಡಲಿಲ್ಲ.

ದೋಷ: ಇಷ್ಟು ಸಣ್ಣ ಜಾಗದಲ್ಲಿ ಬರೆಯಲಾಗದು.

ಎಂಜಿನ್ನು ಎಷ್ಟೋ ವಾಸಿ. ಕೆಟ್ಟರೆ ಕೆಟ್ಟೆ ಎನ್ನುತ್ತದೆ.

ಸೆಪ್ಟೆಂಬರ್ 20

ನಾಳೆ ಪಂದ್ಯ. ಸಂಜೆ ಅಣ್ಣ ಹಗ್ಗ ಹಂಚಿದ. ಹನ್ನೆರಡು ಸವಾರರು, ಹನ್ನೆರಡು ಹೊಸ ಹಗ್ಗ. ಸೇತುವೆ ದಾಟಿ ಆಚೆ ದಡದಲ್ಲಿ, ಗೆರೆಗೆ ಇನ್ನೂ ಏಳು ಕಿಲೋಮೀಟರ್ ಇರುವ ದಿಬ್ಬದ ಹಿಂದೆ ಕಾಯುವುದೆಂದು ತೀರ್ಮಾನ.

"ಅಣ್ಣ, ಮುಟ್ಟಿದ್ರೆ ಪಂದ್ಯದಿಂದ ಹೊರಗೆ ಹಾಕ್ತಾರೆ."

"ದಿಬ್ಬದ ಹಿಂದೆ ಯಾರು ನೋಡ್ತಾರೋ? ಆಮೇಲೆ ನಮ್ಮ ಕುದುರೆಗೆ ನಾವು ಹೆಗಲು ಕೊಟ್ರೆ ಅದು ಮುಟ್ಟೋದಾ?"

"ಎದೆಬಡಿತ ಇಳಿಯಲ್ಲ."

"ಇಳೀದಿದ್ರೆ ಕಡಾಯೀಲಿ ಇಳಿಯುತ್ತೆ ಬಿಡು." ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಅಣ್ಣ ನಕ್ಕರೆ ನಗುವುದು ಅಭ್ಯಾಸವಾಗಿದೆ.

ಜಿಪಾರ್ ಹುಲ್ಲು ತರುವ ನೆಪದಲ್ಲಿ ನಮ್ಮ ಅಂಗಳಕ್ಕೆ ಬಂದಳು. ತಲೆವಸ್ತ್ರದ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. "ಮಾವ, ಗುಡುಗಿನ ಮಾವ ಹಗ್ಗ ತಂದ್ರೆ ನಾನು ಬೇಡ ಅನ್ನೋಕಾಗಲ್ಲ. ನಾನು ಸೊಸೆ."

"ಗೊತ್ತು."

"ನೀವು ತಮ್ಮ."

ಅಷ್ಟು ಹೇಳಿ ಹೋದಳು. ಹುಲ್ಲು ಮರೆತಿದ್ದಳು.

ಸೆಪ್ಟೆಂಬರ್ 21

ಟ್ರಿಪ್: ಮನೆಯಿಂದ ಸೇತುವೆಯವರೆಗೆ, 2 ಕಿ.ಮೀ. ದೋಷ: ಎಂಜಿನ್ ಕೆಟ್ಟು ನಡುದಾರಿಯಲ್ಲಿ ನಿಂತಿತು.

ಹೌದು, ಬರೆದಿದ್ದೇನೆ. ಮೂವತ್ತೊಂದು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ.

ಬೆಳಿಗ್ಗೆ ಏಳಕ್ಕೆ ಮೂವತ್ತನಾಲ್ಕು ಕುದುರೆ ಹೊರಟವು. ಮೊದಲ ಸುತ್ತಿಗೆ ಜೀರ್ದೆ ಹದಿನೆಂಟನೆಯದು, ಒಂಬತ್ತು ನಿಮಿಷಕ್ಕೆ 60. ಡಾಕ್ಟರು ತಲೆಯಾಡಿಸಿದಳು. ಎರಡನೆಯ ಸುತ್ತಿಗೆ ಬಿಟ್ಟರು. ನಾನು ಮನೆಗೆ ಬಂದು ಬಸ್ಸು ತೆಗೆದೆ.

ಸೇತುವೆ ಎಷ್ಟು ಅಗಲವೋ ಬಸ್ಸೂ ಅಷ್ಟೇ ಅಗಲ. ಎರಡು ಪಕ್ಕಕ್ಕೂ ಒಂದು ಬೆಕ್ಕು ಹೋಗಬಹುದು. ನಡುಮಧ್ಯೆ ನಿಲ್ಲಿಸಿ, ಬಾನೆಟ್ ಎತ್ತಿ, ತಲೆ ಒಳಗಿಟ್ಟೆ. ಅರ್ಧ ಗಂಟೆಯಲ್ಲಿ ಹಿಂದೆ ಎರಡು ಹುಲ್ಲಿನ ಗಾಡಿ, ಒಬ್ಬ ಮೊಟ್ಟೆ ಮಾರುವವನು ನಿಂತರು. ಆಮೇಲೆ ಹನ್ನೆರಡು ಕುದುರೆಗಳ ಗೊರಸಿನ ಸದ್ದು.

"ತೆಗೆಯೋ ಶಾರ್ಶೆನ್!"

"ಕೆಟ್ಟಿದೆ ಅಣ್ಣ."

"ನಿನ್ನ ಬಸ್ಸು ಕೆಡಲ್ಲ ಅಂತ ಮೂವತ್ತು ವರ್ಷದಿಂದ ನಮ್ಮ ತಲೆ ತಿಂದಿದೀಯಲ್ಲೋ!"

"ಎಲ್ಲಾದಕ್ಕೂ ಒಂದು ವಯಸ್ಸು ಬರುತ್ತಲ್ಲ ಅಣ್ಣ."

"ತಳ್ಳಿ!" ಎಂದ ಅವನು. ಹನ್ನೆರಡು ಜನ ಇಳಿದು ತಳ್ಳಿದರು. ನಾನು ಗೇರಿನಲ್ಲಿ ಬಿಟ್ಟಿದ್ದೆ. ಚಕ್ರದ ಕೆಳಗೆ ಕಲ್ಲೂ ಇಟ್ಟಿದ್ದೆ. ನನ್ನ ಕುಲದ ಹನ್ನೆರಡು ಗಂಡಸರು "ಕೋಕ್‌ಜಾಲ್! ಕೋಕ್‌ಜಾಲ್!" ಎಂದು ಕೂಗುತ್ತ ಡೀಸೆಲ್ ಬಸ್ಸನ್ನು ನೂಕುವುದನ್ನು ನೋಡಿ ಈ ಜನ್ಮ ಸಾರ್ಥಕವಾಯಿತು. ಮೊಟ್ಟೆಯವನು ನಕ್ಕೂ ನಕ್ಕೂ ಬುಟ್ಟಿಯ ಮೇಲೇ ಕೂತುಬಿಟ್ಟ.

"ಡ್ರೈವರಂತೆ ಡ್ರೈವರು! ಥೂ! ಒಂದು ಡಬ್ಬ ಓಡಿಸೋಕೆ ಬರಲ್ಲ!" ಎಂದು ಅಣ್ಣ ಕುದುರೆ ತಿರುಗಿಸಿದ. ಹೊಳೆ ದಾಟುವ ಇನ್ನೊಂದು ಜಾಗ ನಾಲ್ಕು ಕಿಲೋಮೀಟರ್ ಕೆಳಗೆ, ಅವರು ಸುತ್ತಿ ಬರುವಷ್ಟರಲ್ಲಿ ಜೀರ್ದೆ ದಿಬ್ಬ ದಾಟಿರುತ್ತದೆ. ಹೋದರು.

ಆ ಮಾತು ಇನ್ನೂ ಎದೆಯಲ್ಲಿದೆ. ಬೇರೆ ಏನು ಬೇಕಾದರೂ ಅನ್ನಬಹುದಿತ್ತು.

ನಾನು ಆಚೆ ದಡಕ್ಕೆ ನಡೆದು ದಿಬ್ಬ ಹತ್ತಿದೆ. ಸ್ವಲ್ಪ ಹೊತ್ತಿಗೆ ಜೀರ್ದೆ ಕಂಡಿತು. ಮೈ ಬೆವರಿಗೆ ಕಪ್ಪಾಗಿತ್ತು, ತಲೆ ಕೆಳಗಿತ್ತು. ಜಿಪಾರ್ ಇಳಿದು ಲಗಾಮು ಸಡಿಲ ಬಿಟ್ಟು ಪಕ್ಕದಲ್ಲಿ ನಡೆಯುತ್ತಿದ್ದಳು. ನಿಯಮದ ಪ್ರಕಾರ ಸವಾರ ನಡೆಯಬಹುದು, ನಾನು ಮುಟ್ಟುವಂತಿಲ್ಲ. ಆದ್ದರಿಂದ ಐವತ್ತು ಹೆಜ್ಜೆ ದೂರದಲ್ಲಿ ಅವರ ಸಮಕ್ಕೆ ನಾನೂ ನಡೆದೆ. ಏಳು ಕಿಲೋಮೀಟರ್. ಅರವತ್ತೆರಡು ವರ್ಷ, ಎರಡು ಮಂಡಿ, ಎರಡೂ ಕೆಟ್ಟಿವೆ.

ಕುದುರೆಯ ಜೊತೆ ನಾನು ಮಾತಾಡಲಿಲ್ಲ. ಜಿಪಾರ್ ಜೊತೆ ಮಾತಾಡಿದೆ. "ಮೆತ್ತಗೆ ತಾಯಿ, ಆತುರ ಇಲ್ಲ, ಇಳಿಜಾರು ಬರುತ್ತೆ, ಆಮೇಲೆ ನೀರು ಇದೆ, ನನ್ನವ್ವ, ನನ್ನ ಬಂಗಾರ" ಎಂದೆ. ಜಿಪಾರ್ ದಾರಿ ನೋಡಿಕೊಂಡು ನಡೆದಳು. ಕುದುರೆಯ ಒಂದು ಕಿವಿ ಮಾತ್ರ ಈ ಕಡೆಗೇ ತಿರುಗಿತ್ತು.

ಕೊನೆಯ ಇನ್ನೂರು ಗಜಕ್ಕೆ ಜಿಪಾರ್ ಹತ್ತಿ ಕೂತಳು. ಗೆರೆ ದಾಟಿದ್ದು ಹತ್ತನೆಯದಾಗಿ.

ಮೊದಲು ಬಂದಿದ್ದ ಕೆಳಗಿನೂರಿನ ಕರಿ ಕುದುರೆ ಚಪ್ಪರದಡಿ ಮಲಗಿತ್ತು. ಅವರ ಕುಲದವರಿಗೆ ಸೇತುವೆ ಅಡ್ಡ ಬಂದಿರಲಿಲ್ಲ. ಕುತ್ತಿಗೆಯಲ್ಲಿ ಹಗ್ಗದ ಗುರುತು, ಎದೆಬಡಿತ ತೊಂಬತ್ತರಿಂದ ಇಳಿಯುತ್ತಿಲ್ಲ, ಎರಡು ಬಾಟಲಿ ಡ್ರಿಪ್ಪು. ಡಾಕ್ಟರು ಅದರ ಯಜಮಾನ ಮುದುಕನನ್ನು ಬಯ್ಯಲೂ ಇಲ್ಲ. ಅವನು ಅದರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಜೀರ್ದೆ: ಹನ್ನೊಂದು ನಿಮಿಷ, 58. ಮುಂದೆ ಬಂದವುಗಳಲ್ಲಿ ಮೂರನ್ನು ಹೊರಗೆ ಹಾಕಿದ್ದರಿಂದ ಏಳನೆಯ ಸ್ಥಾನ.

ಅಣ್ಣ ಮೊಣಕಾಲಿನವರೆಗೆ ಒದ್ದೆಯಾಗಿ ಬಂದ. ಫಲಿತಾಂಶದ ಹಲಗೆ ನೋಡಿದ. "ಏಳನೇದು," ಎಂದ. "ಏಳನೇದಕ್ಕೆ ಕಂಬ ಇಲ್ಲ, ಶಾರ್ಶೆನ್."

ಸೆಪ್ಟೆಂಬರ್ 22

ಊರೆಲ್ಲ ನಗುತ್ತಿದೆ. ಅಂಗಡಿಯಲ್ಲಿ ಮಕ್ಕಳು 'ಕೆಟ್ಟ ಬಸ್ಸು ತಾತ' ಎಂದವು. ನನಗೇನೂ ಅನ್ನಿಸಲಿಲ್ಲ. ಬೆಳಿಗ್ಗೆ 38.

ಅಕ್ಟೋಬರ್ 4

ಹನ್ನೊಂದನೇ ತಾರೀಕಿಗೆ ಕುದುರೆ ತಂದುಬಿಡು ಎಂದು ಅಣ್ಣ ಹೇಳಿ ಕಳಿಸಿದ. ಹನ್ನೆರಡನೇ ತಾರೀಕು ವರ್ಷದ ಊಟ.

ಅವನ ಮನೆಗೆ ಹೋಗಿ, ಬಸ್ಸು ತಗೋ, ಕುದುರೆ ಕೊಡು ಎಂದೆ. ಹೇಗೆ ಬಾಯಿಗೆ ಬಂತೋ.

"ಆ ಕೆಟ್ಟ ಬಸ್ಸನ್ನಾ?" ಎಂದ. "ಅದನ್ನ ಕೊಯ್ದು ಕಡಾಯಿಗೆ ಹಾಕಿದ್ರೆ ಬೀಗರು ತಿಂತಾರಾ?"

"ಕೆಟ್ಟಿಲ್ಲ ಅಣ್ಣ," ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

ಅಕ್ಟೋಬರ್ 8

36. 36. 36. ಮೂರು ಸಲ ಎಣಿಸಿದೆ.

ಅಕ್ಟೋಬರ್ 11

ಕೊಟ್ಟು ಬರಲು ಹೋದೆ. ಅಣ್ಣನ ಅಂಗಳದಲ್ಲಿ ಆಗಲೇ ದೂರದ ನೆಂಟರು ಸೇರಿದ್ದರು. ಕಡಾಯಿಗಳನ್ನು ತೊಳೆದು ಬೋರಲು ಹಾಕಿದ್ದರು. ಬಾಗಿಲ ಬಳಿ ಒಬ್ಬ ಮುದುಕ ಎದ್ದು ನಿಂತ. ಆ ಕರಿ ಕುದುರೆಯ ಯಜಮಾನ. ಕುದುರೆ ಮೂರನೆಯ ದಿನ ಹೋಯಿತಂತೆ.

"ಇದೇನಾ ಹಗ್ಗ ಇಲ್ದೆ ಬಂದಿದ್ದು?" ಎಂದು ಕೇಳಿದ. ಜೀರ್ದೆಯ ಕುತ್ತಿಗೆ ಮುಟ್ಟಿ ನೋಡಿದ. ಗುರುತಿರಲಿಲ್ಲ. "ಬೆಕ್ತೂರ್, ನಿಮ್ಮ ಕುಲದೋರು ಒಬ್ಬರೂ ಕೈ ಹಚ್ಚಲಿಲ್ಲವಂತೆ. ಇಡೀ ಕಣಿವೇಲಿ ನೀವೊಬ್ಬರೇ. ದೊಡ್ಡ ಮನಸ್ಸು."

ಅಣ್ಣ ಬಾಯಿ ತೆರೆದ. ಮೊದಲ ಸಲ ಅದರಿಂದ ಗುಡುಗು ಬರಲಿಲ್ಲ. ಸುತ್ತ ಐದು ಊರಿನ ನೆಂಟರು. ಅವನ ಎದೆ ನಿಧಾನಕ್ಕೆ ಉಬ್ಬತೊಡಗಿತು.

"ಹೌದು," ಎಂದ. "ನಮ್ಮಲ್ಲಿ ಹಂಗೇ."

"ಎಷ್ಟನೇದಾಗಿ ಬಂತು?" ಎಂದು ದೂರದ ನೆಂಟನೊಬ್ಬ ಕೇಳಿದ.

ಅಣ್ಣ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ಕುಲದಲ್ಲಿ ಮೀಟರು ನಾನೇ ತಾನೆ.

"ಮೊದಲನೇದು," ಎಂದೆ. ಮುದುಕನಿಗೆ ನಿಜ ಗೊತ್ತಿತ್ತು, ತಿದ್ದದೆ ಜೀರ್ದೆಯ ಕುತ್ತಿಗೆ ಸವರಿದ.

"ಮೊದಲನೇದು!" ಎಂದ ಅಣ್ಣ, ಉಸಿರು ಬಿಟ್ಟು. "ಎಂಬತ್ತು ಕಿಲೋಮೀಟರ್!"

"ತೊಂಬತ್ತು ಅಣ್ಣ. ಹೊಳೆಯ ಸುತ್ತು ಮರೆತೆಯಲ್ಲ."

"ತೊಂಬತ್ತೆಲ್ಲಿ, ನೂರಾಗುತ್ತೆ!"

"ಆಗ್ಬಹುದು," ಎಂದೆ.

ಹಿಂದೆ ನಿಂತಿದ್ದ ಜಿಪಾರ್ ತಲೆವಸ್ತ್ರ ಬಾಯಿಗೆ ತುರುಕಿಕೊಂಡಳು. ಮೊದಲು ಬಂದ ಕುದುರೆಯನ್ನು ಬೀಗರ ಮುಂದೆ ಕೊಯ್ಯುವುದು ಹೇಗೆ? ಅಣ್ಣ ತಾನೇ ಹಗ್ಗ ಹಿಡಿದು ಅಂಗಳದಲ್ಲಿ ಮೂರು ಸುತ್ತು ನಡೆಸಿ ತೋರಿಸಿದ. "ಶಾರ್ಶೆನ್ ಸಾಕ್ತಾನೆ," ಎಂದು ಎಲ್ಲರೆದುರಿಗೆ ಘೋಷಿಸಿದ, "ಪಳಗಿಸೋರ ಮನೇಲೇ ಇರ್ಲಿ."

ಕಡಾಯಿಗೆ ಬೇರೆ ಕುದುರೆ ಹೋಯಿತು. ಅದರ ಹೆಸರು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಕ್ಟೋಬರ್ 12

ಊಟವಾಯಿತು. ಸಂಜೆಗೆ ಜೀರ್ದೆ ನೂರಿಪ್ಪತ್ತಕ್ಕೆ ಮುಟ್ಟಿತ್ತು. ನಾನು ತಿದ್ದಲಿಲ್ಲ. ಚಾಬ್ದಾರನ ಮಾತು ಬಂದಾಗ, ಕರಿ ಕುದುರೆಯ ಮುದುಕ ನನ್ನನ್ನು ಕೇಳಿದ, "ಅದು ಏನಾಯ್ತಪ್ಪ?"

"ಗೆರೆ ದಾಟಿ ಹತ್ತು ಹೆಜ್ಜೆಗೆ ಸತ್ತಿತು," ಎಂದೆ.

ಅವನು ತಲೆಯಾಡಿಸಿ ತನ್ನ ತಟ್ಟೆಯ ಕರಿದ ಹಿಟ್ಟಿನ ಬೊರ್ಸೋಕು ಒಂದನ್ನು ನನ್ನ ತಟ್ಟೆಗೆ ಹಾಕಿದ. ಬೇರೆ ಯಾರಿಗೂ ಕೇಳಿಸಲಿಲ್ಲ, ಅಣ್ಣ ಮಾತಾಡುತ್ತಿದ್ದ.

ಅಕ್ಟೋಬರ್ 16

ಟ್ರಿಪ್: ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ.

ಬಸ್ಸು ನಿಜವಾಗಿಯೂ ಕೆಟ್ಟಿದೆ. ಎರಡೂವರೆ ತಿಂಗಳು ಎಣ್ಣೆ ಬದಲಿಸದೆ, ಬ್ಯಾಟರಿ ನೋಡದೆ ಬಿಟ್ಟರೆ ಇನ್ನೇನಾಗುತ್ತದೆ? ಅರ್ಧ ಗಂಟೆಯ ಕೆಲಸ. ಮುಂದಿನ ವಾರ ನೋಡಬೇಕು.

ಬುರ್ಮಾ ಉಪ್ಪು ಮುಗಿದಿದೆ ಎಂದಳು. ಅಂಗಡಿ ಎರಡು ಕಿಲೋಮೀಟರ್, ಮಂಡಿ ನೋವು. ಬೇರೆ ದಾರಿ ಇರಲಿಲ್ಲ. ಜೀನು ಬಿಗಿದು, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹತ್ತಿದೆ.

"ಸವತಿ ಮೇಲೆ ಕಾಲಿಟ್ಟು ಇನ್ನೊಬ್ಬಳ ಹತ್ತಿರ ಹೋಗ್ತಿದೀರಾ?" ಎಂದು ಬುರ್ಮಾ ಬಾಗಿಲಿಂದ ಕೂಗಿದಳು. ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದಳು.

ಹೋಗಿ ಬರಲು ಎರಡು ಗಂಟೆ ಹಿಡಿಯಿತು. ಬರುವಾಗ ಸ್ವಲ್ಪ ಸುತ್ತಿನ ದಾರಿ ಹಿಡಿದೆವು, ಹಳೆ ಕೋಲ್ಖೋಸ್ ಕಚೇರಿಯ ಕಡೆಯಿಂದ. ಉಪ್ಪು ಮರೆತು ಬಂದಿದ್ದೇನೆ.

ನಾಳೆ ಮತ್ತೆ ಹೋಗಬೇಕು.

ದೋಷ: ಇಲ್ಲ.